ಸಿಪ್ಯಾಪ್ ಯಂತ್ರದ ಒತ್ತಡ: ಬದಲಿಸುವ ಅಧಿಕಾರ ಯಾರದು?

ಪ್ರಶ್ನೆ: ನಾನು 61 ವರ್ಷದ ನಿವೃತ್ತ ಶಿಕ್ಷಕ. ಪರೀಕ್ಷೆಯಲ್ಲಿ ತೀವ್ರ ಸ್ಲೀಪ್ ಅಪ್ನಿಯಾ (ನಿದ್ರೆಯಲ್ಲಿ ಪದೇ ಪದೇ ಉಸಿರು ನಿಲ್ಲುವ ತೊಂದರೆ) ಎಂದು ಗೊತ್ತಾಗಿ, ಎಂಟು ತಿಂಗಳಿಂದ ಆಟೋ ಸಿಪ್ಯಾಪ್, ಅಂದರೆ ಮಾಸ್ಕಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ನೋಡಿಕೊಳ್ಳುವ, ಒತ್ತಡವನ್ನು ತಾನೇ ಏರಿಳಿಸುವ ಯಂತ್ರ ಬಳಸುತ್ತಿದ್ದೇನೆ. ಡೀಲರ್ ಕಡೆಯವರು ಮನೆಗೆ ಬಂದು ಒತ್ತಡವನ್ನು 4ರಿಂದ 20ರವರೆಗಿನ ವ್ಯಾಪ್ತಿಯಲ್ಲಿ ಇಟ್ಟು ಹೋದರು. ಮಾಸ್ಕ್ ಹಾಕಿದ ಕೂಡಲೇ ಗಾಳಿ ಸಾಲದೆ ಚಡಪಡಿಸುತ್ತೇನೆ, ನಸುಕಿನಲ್ಲಿ ಪದೇ ಪದೇ ಎಚ್ಚರವಾಗುತ್ತದೆ. ಬೆಳಗ್ಗೆ ಯಂತ್ರದ ಪರದೆ ಎಎಚ್‌ಐ 9ರಿಂದ 12 ಎಂದು ತೋರಿಸುತ್ತದೆ. ಡೀಲರ್‌ಗೆ ಹೇಳಿದರೆ, "ಸೆಟ್ಟಿಂಗ್ ಮುಟ್ಟಬೇಡಿ ಸಾರ್, ವಾರಂಟಿ ಹೋಗುತ್ತೆ" ಎನ್ನುತ್ತಾರೆ. ಅಮೆರಿಕದಲ್ಲಿರುವ ಮಗಳು, ವೈದ್ಯರಿಗೆಂದು ಇಟ್ಟಿರುವ ಮೆನುವನ್ನು ನಾವೇ ತೆರೆಯಬಹುದು, ಅಲ್ಲಿ ಎಷ್ಟೋ ಜನ ತಾವೇ ಬದಲಿಸಿಕೊಳ್ಳುತ್ತಾರೆ ಎನ್ನುತ್ತಾಳೆ. ಯಾರ ಮಾತು ಕೇಳಲಿ?
— ಓದುಗರು, ದಾವಣಗೆರೆ

ಉತ್ತರ: ಮಗಳ ಮಾತಿನಲ್ಲಿ ಹೆಚ್ಚು ಸತ್ಯವಿದೆ. ಆದರೆ ಮೆನು ತೆರೆಯುವ ಮೊದಲು, ತಮ್ಮ ಯಂತ್ರ ರಾತ್ರಿಯಿಡೀ ಏನು ಮಾಡುತ್ತಿದೆ ಎಂಬುದನ್ನು ತಾವು ತಿಳಿದುಕೊಂಡಿರಬೇಕು.

4ರಿಂದ 20 ಎಂಬುದು ಯಾವ ರೋಗಿಗೂ ಅಳೆದು ಕೊಟ್ಟ ಒತ್ತಡವಲ್ಲ. ಅದು ಬಹುತೇಕ ಆಟೋ ಯಂತ್ರಗಳು ಕೊಡಬಲ್ಲ ಪೂರ್ತಿ ವ್ಯಾಪ್ತಿ, ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ. ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಈ ಚಿಕಿತ್ಸೆಯನ್ನು ಮೊದಲು ಪ್ರಕಟಿಸಿದಾಗ ಅವರ ಮುಂದಿದ್ದವರು ಐವರೇ ರೋಗಿಗಳು. ಆ ಐವರಲ್ಲಿಯೇ ಬೇಕಾದ ಒತ್ತಡ 4.5ರಿಂದ 10ರವರೆಗೆ ಇತ್ತು. ಯಾರಿಗೆ ಎಷ್ಟು ಬೇಕೆಂದು ನೋಡಿ ನಿಗದಿ ಮಾಡುವುದೇ ಈ ಚಿಕಿತ್ಸೆಯ ಮುಖ್ಯ ಭಾಗ. ಪೆಟ್ಟಿಗೆಯಿಂದ ತೆಗೆದ ಯಂತ್ರವನ್ನು ಹಾಗೆಯೇ ಮಂಚದ ಪಕ್ಕ ಇಟ್ಟು ಹೋದರೆ, ಚಿಕಿತ್ಸೆಯ ಆ ಭಾಗವನ್ನು ಯಾರೂ ಮಾಡಿಲ್ಲವೆಂದೇ ಅರ್ಥ.

ತಮ್ಮ ಎರಡೂ ತೊಂದರೆಗಳು ಬಹುಶಃ ಆ 4ರಿಂದಲೇ ಬಂದಿವೆ. ಎಚ್ಚರವಿರುವ ವಯಸ್ಕರಲ್ಲಿ ಅನೇಕರಿಗೆ 4ರ ಒತ್ತಡದಲ್ಲಿ ಉಸಿರಿಗೆ ಗಾಳಿ ಸಾಲದು. ಇನ್ನು ನಸುಕಿನ ಸಂಗತಿ: ಆಟೋ ಯಂತ್ರವು ಗಂಟಲು ಕಿರಿದಾಗುತ್ತಿದೆಯೆಂದು ಉಸಿರಿನ ಹರಿವಿನಿಂದ ಗುರುತಿಸಿದ ಮೇಲಷ್ಟೇ ಒತ್ತಡವನ್ನು ಹಂತಹಂತವಾಗಿ ಏರಿಸುತ್ತದೆ. ಕನಸಿನ ನಿದ್ರೆ ಬೆಳಗಿನ ಜಾವದಲ್ಲಿ ಹೆಚ್ಚು, ಮತ್ತು ಆಗ ಗಂಟಲಿನ ಸ್ನಾಯುಗಳು ಸಡಿಲವಾಗಿ ದಾರಿ ಬೇಗನೆ ಮುಚ್ಚಿಕೊಳ್ಳುತ್ತದೆ. ತಮಗೆ 10 ಬೇಕಿರುವಾಗ ಯಂತ್ರ 4ರಿಂದ ಹೊರಟರೆ, ಅದು ಅಲ್ಲಿಗೆ ತಲುಪುವಷ್ಟರಲ್ಲಿ ಉಸಿರು ಹಲವು ಸಲ ನಿಂತು, ತಮಗೆ ಎಚ್ಚರವೂ ಆಗಿರುತ್ತದೆ. ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ, ಚಿಕಿತ್ಸೆಯಲ್ಲಿರುವಾಗ 5ಕ್ಕಿಂತ ಕೆಳಗೆ ಬರಬೇಕೆಂಬುದು ಸಾಮಾನ್ಯ ಗುರಿ. ಎಂಟು ತಿಂಗಳಾದರೂ 9ರಿಂದ 12 ಇದೆಯೆಂದರೆ ಯಾರೋ ಅದನ್ನು ನೋಡಬೇಕಾಗಿತ್ತು, ನೋಡಿಲ್ಲ.

ಯಂತ್ರದ ವರದಿಯಲ್ಲಿ 95 ಶೇಕಡಾ ಒತ್ತಡ ಎಂಬ ಅಂಕಿ ಇರುತ್ತದೆ. ಕೆಲವು ಕಂಪನಿಗಳವರು 90 ಶೇಕಡಾ ಎಂದು ಕೊಡುತ್ತಾರೆ. ರಾತ್ರಿಯ ನೂರಕ್ಕೆ 95 ಪಾಲು ಸಮಯ ಒತ್ತಡ ಅದರಷ್ಟೇ ಅಥವಾ ಅದಕ್ಕಿಂತ ಕಡಿಮೆ ಇತ್ತು ಎಂದು ಅದರ ಅರ್ಥ. ಅದು ತಮಗೆ 11ರ ಸುಮಾರಿಗೆ ಇದ್ದರೆ, ಕನಿಷ್ಠ ಒತ್ತಡವನ್ನು 4ರಲ್ಲೇ ಬಿಡುವುದಕ್ಕೆ ಕಾರಣವೇ ಇಲ್ಲ. ಆ ವರದಿಯನ್ನು ಹಿಡಿದು ತಮ್ಮ ವೈದ್ಯರ ಬಳಿ ಹೋಗಿ, ಕನಿಷ್ಠವನ್ನು ಎಷ್ಟಕ್ಕೆ ಏರಿಸಬಹುದೆಂದು ಕೇಳಿ, ಒಂದು ವ್ಯಾಪ್ತಿಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆ ವ್ಯಾಪ್ತಿಯೊಳಗೆ ಅಂಕಿ ಬದಲಿಸುವ ಕೆಲಸವನ್ನು ತಾವೇ ಮಾಡಬಹುದು, ಮಾಡಬೇಕು ಎಂದೇ ನನ್ನ ಅಭಿಪ್ರಾಯ. ಸಕ್ಕರೆ ಕಾಯಿಲೆಯವರು ಬೆಳಗ್ಗೆ ರಕ್ತ ಪರೀಕ್ಷಿಸಿಕೊಂಡು, ವೈದ್ಯರು ಹೇಳಿಕೊಟ್ಟ ಲೆಕ್ಕದಂತೆ ಇನ್ಸುಲಿನ್ ಪ್ರಮಾಣವನ್ನು ತಾವೇ ಹೊಂದಿಸಿಕೊಳ್ಳುತ್ತಾರೆ. ಅದು ಇದಕ್ಕಿಂತ ಅಪಾಯದ ಕೆಲಸವಾದರೂ ಅವರನ್ನು ನಂಬುತ್ತೇವೆ. ಕೆನಡಾದ ಕಿಂಗ್‌ಸ್ಟನ್‌ನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಮನೆಯಲ್ಲಿ ತಾವೇ ಒತ್ತಡ ಹೊಂದಿಸಿಕೊಂಡ ರೋಗಿಗಳಿಗೆ, ಪ್ರಯೋಗಾಲಯದಲ್ಲಿ ನಿಗದಿಯಾದ ಒತ್ತಡದಿಂದ ಸಿಕ್ಕಷ್ಟೇ ಗುಣ ಸಿಕ್ಕಿತ್ತು.

ಬದಲಿಸುವಾಗ ಆತುರ ಬೇಡ. ನಿದ್ರಾ ಪ್ರಯೋಗಾಲಯದಲ್ಲಿಯೂ ಒತ್ತಡವನ್ನು ಸಾಮಾನ್ಯವಾಗಿ ಒಂದೊಂದೇ ಸೆಂಟಿಮೀಟರ್ ಏರಿಸಿ ನೋಡುತ್ತಾರೆ. ಮನೆಯಲ್ಲಿ ಒಂದು ಬದಲಾವಣೆ ಮಾಡಿದರೆ ವಾರವಾದರೂ ಹಾಗೆಯೇ ಇರಲಿ. ತಾರೀಖು, ಹಳೆಯ ಅಂಕಿ, ಹೊಸ ಅಂಕಿ, ಎಎಚ್‌ಐ, ಮಾಸ್ಕಿನ ಸೋರಿಕೆ ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸೋರಿಕೆಯ ಮಾತು ಬಂದಿದ್ದರಿಂದ ಹೇಳುತ್ತೇನೆ: ಮಾಸ್ಕ್ ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ, ಏಕೆಂದರೆ ಸೋರುವ ಮಾಸ್ಕಿನಲ್ಲಿ ಯಂತ್ರದ ಉಳಿದ ಅಂಕಿಗಳನ್ನೂ ನಂಬುವಂತಿಲ್ಲ. ಒತ್ತಡ ಏರಿಸಿದ ಮೇಲೆ ಗಂಟಲು ತೆರೆದಿದ್ದರೂ ಉಸಿರು ನಿಲ್ಲುವ ಪ್ರಸಂಗಗಳು ಹೆಚ್ಚಾದರೆ, ಅಂದರೆ ವರದಿಯಲ್ಲಿ ಸೆಂಟ್ರಲ್ ಎಂದು ಬರುವ ಎಣಿಕೆ ಏರಿದರೆ, ಹಳೆಯ ಅಂಕಿಗೆ ಮರಳಿ ವೈದ್ಯರಿಗೆ ತಿಳಿಸಿ. ಒತ್ತಡ ಬೇಕಾದುದಕ್ಕಿಂತ ಹೆಚ್ಚಾದರೆ ಕೆಲವರಿಗೆ ಹೀಗಾಗುತ್ತದೆ.

ವಾರಂಟಿಯ ಮಾತು ಆಡಿದವರಿಗೆ, ಆ ಸಾಲು ವಾರಂಟಿ ಪತ್ರದಲ್ಲಿ ಎಲ್ಲಿದೆ ತೋರಿಸಿ ಎಂದು ಕೇಳಿ. ಯಂತ್ರವನ್ನು ಬಿಚ್ಚುವುದು ಬೇರೆ, ಮೆನುವಿನಲ್ಲಿ ಅಂಕಿ ಬದಲಿಸುವುದು ಬೇರೆ.

ಪ್ರಶ್ನೆ: ನನ್ನ ಯಜಮಾನರ ಸಿಪ್ಯಾಪ್ ಯಂತ್ರದಲ್ಲಿ ಒಂದು ಮೆಮೊರಿ ಕಾರ್ಡ್ ಇದೆ. ಅದರಲ್ಲಿರುವುದನ್ನು ನಾವು ನೋಡಬಹುದೇ? ನಿದ್ರಾ ಪರೀಕ್ಷೆಯ ಪೂರ್ತಿ ವರದಿ ಕೇಳಿದರೆ ಆಸ್ಪತ್ರೆಯಲ್ಲಿ ಕೊನೆಯ ಪುಟವೊಂದನ್ನೇ ಕೊಟ್ಟಿದ್ದಾರೆ.
— ಓದುಗರು, ಮೈಸೂರು

ಉತ್ತರ: ನೋಡಬಹುದು. ಪರದೆಯ ಮೇಲೆ ಕಾಣುವುದು ರಾತ್ರಿಯ ಸಾರಾಂಶ ಮಾತ್ರ. ಕಾರ್ಡಿನಲ್ಲಿ ಅನೇಕ ಯಂತ್ರಗಳು ಉಸಿರುಸಿರಿನ ಹರಿವನ್ನೂ ದಾಖಲಿಸುತ್ತವೆ. ಅದನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸುವ ಆಸ್ಕರ್ ಎಂಬ ಉಚಿತ ತಂತ್ರಾಂಶವನ್ನು ಸ್ವಯಂಸೇವಕರು ನಡೆಸಿಕೊಂಡು ಬರುತ್ತಿದ್ದಾರೆ. ಅದು ಎಲ್ಲ ಕಂಪನಿಗಳ ಯಂತ್ರಗಳನ್ನೂ ಓದುವುದಿಲ್ಲ, ಯಂತ್ರದ ಸೆಟ್ಟಿಂಗನ್ನೂ ಬದಲಿಸುವುದಿಲ್ಲ. ಮಾಹಿತಿ ತಮ್ಮ ಕಂಪ್ಯೂಟರಿನಲ್ಲಿಯೇ ಉಳಿಯುತ್ತದೆ. ಕಾರ್ಡನ್ನು ಕಂಪ್ಯೂಟರಿಗೆ ಹಾಕುವ ಮೊದಲು ಅದರ ಅಂಚಿನಲ್ಲಿರುವ ಚಿಕ್ಕ ಲಾಕ್ ಅನ್ನು ಉಗುರಿನಿಂದ ಕೆಳಕ್ಕೆ ಸರಿಸಿ, ಕಂಪ್ಯೂಟರ್ ಅದರ ಮೇಲೆ ಏನನ್ನೂ ಬರೆಯದಂತೆ ನೋಡಿಕೊಳ್ಳಿ. ಯಂತ್ರಕ್ಕೆ ಮರಳಿ ಹಾಕುವಾಗ ಲಾಕ್ ತೆಗೆಯುವುದನ್ನು ಮರೆಯಬೇಡಿ, ಮರೆತರೆ ಆ ರಾತ್ರಿಯದು ದಾಖಲಾಗುವುದಿಲ್ಲ.

ಆಸ್ಪತ್ರೆಗೆ ಲಿಖಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ವೈದ್ಯರ ವೃತ್ತಿ ನಡವಳಿಕೆಯ ಬಗ್ಗೆ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಮಾಡಿದ ನಿಯಮಾವಳಿಯಂತೆ, ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಯಜಮಾನರ ಸಹಿ ಇರುವ ಅರ್ಜಿಯಾದರೆ ತಮ್ಮನ್ನು ವಾಪಸ್ ಕಳಿಸಲು ನೆಪ ಸಿಗುವುದಿಲ್ಲ.

ಪ್ರಶ್ನೆ: ನನ್ನ ತಾಯಿಗೆ ಹೃದಯ ದುರ್ಬಲವಾಗಿದೆ, ಪಂಪಿಂಗ್ 35 ಶೇಕಡಾ ಎಂದಿದ್ದಾರೆ. ಅವರ ಯಂತ್ರದ ಮೆನುವಿನಲ್ಲಿ ಬೇರೆ ಬೇರೆ ಮೋಡ್‌ಗಳಿವೆ. ಬದಲಿಸಿ ನೋಡಬಹುದೇ?
— ಓದುಗರು, ಉಡುಪಿ

ಉತ್ತರ: ದಯವಿಟ್ಟು ಬೇಡ. ಮೇಲೆ ದಾವಣಗೆರೆಯ ಓದುಗರಿಗೆ ಹೇಳಿದ್ದು ತಮ್ಮ ತಾಯಿಯವರಿಗೆ ಅನ್ವಯಿಸುವುದಿಲ್ಲ. ಎಎಸ್‌ವಿ ಎಂಬ ಮೋಡ್ ಉಸಿರನ್ನು ಬಹಳ ಚೆನ್ನಾಗಿ ಸಮಗೊಳಿಸುತ್ತದೆ, ಎಎಚ್‌ಐ ಕೆಳಗಿಳಿಯುತ್ತದೆ. ಆದರೂ ಪಂಪಿಂಗ್ 45 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಇದ್ದು, ಮುಖ್ಯವಾಗಿ ಸೆಂಟ್ರಲ್ ಅಪ್ನಿಯಾ ಇದ್ದ ಹೃದ್ರೋಗಿಗಳಲ್ಲಿ ಅದರಿಂದ ಹೃದಯ ಸಂಬಂಧಿ ಸಾವುಗಳು ಹೆಚ್ಚಿದ್ದವೆಂದು 2015ರಲ್ಲಿ ಪ್ರಕಟವಾದ ಸರ್ವ್-ಎಚ್ಎಫ್ ಎಂಬ ದೊಡ್ಡ ಅಧ್ಯಯನ ತೋರಿಸಿತು. ಪರದೆಯ ಮೇಲಿನ ಒಳ್ಳೆಯ ಅಂಕಿಯನ್ನು ನೋಡಿ ಈ ಅಪಾಯವನ್ನು ಊಹಿಸಲು ಯಾರಿಂದಲೂ ಆಗದು. ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇದ್ದು ರಾತ್ರಿ ಆಮ್ಲಜನಕ ಪಡೆಯುವವರು, ಬೈಪ್ಯಾಪ್ (ಉಸಿರು ಎಳೆಯುವಾಗ ಮತ್ತು ಬಿಡುವಾಗ ಬೇರೆ ಬೇರೆ ಒತ್ತಡ ಕೊಡುವ ಯಂತ್ರ) ಬಳಸುವವರು, ಪಾರ್ಶ್ವವಾಯು ಆದವರು ಕೂಡ ತಜ್ಞರನ್ನು ಕೇಳದೆ ಅಂಕಿಯನ್ನಾಗಲಿ ಮೋಡನ್ನಾಗಲಿ ಬದಲಿಸಬಾರದು. ತಾಯಿಯವರ ಮಾಸ್ಕಿನ ಅಳತೆ, ತೇವಾಂಶದ ಮಟ್ಟ, ಫಿಲ್ಟರ್ ಬದಲಾವಣೆ ಇವಿಷ್ಟನ್ನು ತಾವು ಧೈರ್ಯವಾಗಿ ನೋಡಿಕೊಳ್ಳಬಹುದು. ಕಾಲು ಊತ ಹೆಚ್ಚಾದರೆ ಅಥವಾ ಮಲಗಿದಾಗ ಏದುಸಿರು ಬಂದರೆ ಯಂತ್ರದ ಕಡೆ ನೋಡುತ್ತ ಕೂರದೆ ಅಂದೇ ಹೃದಯ ತಜ್ಞರಿಗೆ ಫೋನ್ ಮಾಡಿ.