ಸ್ಮಾರ್ಟ್‌ಫೋನ್ ಎಲ್ಲ ಸಾಧನಗಳನ್ನೂ ನುಂಗುತ್ತಾ, ಇಲ್ಲಾ ತಾನೇ ಮಾಯವಾಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ಇನ್ನು ಹತ್ತು ವರ್ಷದಲ್ಲಿ ಫೋನ್ ಒಂದೇ ಎಲ್ಲಕ್ಕೂ ಸಾಕಾಗುತ್ತದಾ, ಇಲ್ಲಾ ಸ್ಮಾರ್ಟ್ ಕನ್ನಡಕ, ಅಂಗಿಗೆ ಸಿಕ್ಕಿಸಿಕೊಳ್ಳುವ ಎಐ ಪಿನ್ ಅಂಥವು ಬಂದು ಅದನ್ನು ಮೂಲೆಗೆ ತಳ್ಳುತ್ತವಾ? ನನ್ನ ಪ್ರಕಾರ ಫೋನ್ ಎಲ್ಲೂ ಹೋಗುವುದಿಲ್ಲ. ಆದರೆ ಅದು ಫೋನ್ ಆಗಿ ಉಳಿಯುವುದಕ್ಕಿಂತ ಜಾಸ್ತಿ ಕೀಲಿಕೈ ಆಗುತ್ತದೆ. ಇದು ನನಗೆ ಗೊತ್ತಾಗಿದ್ದು ಒಂದು ಬೆಳಿಗ್ಗೆ, ಅಲಾರಂ ನಿಲ್ಲಿಸಲು ಹೋದಾಗ.

ಪರದೆಯ ಮೇಲೆ ಎಲ್ಲವೂ ಕಾಣುತ್ತಿತ್ತು, ಟಚ್ ಮಾತ್ರ ಸತ್ತಿತ್ತು. ವಾಲ್ಯೂಮ್ ಬಟನ್ ಒತ್ತಿದರೆ ಅಲಾರಂ ಸುಮ್ಮನಾಗುತ್ತಿತ್ತು, ಹತ್ತು ನಿಮಿಷ ಬಿಟ್ಟು ಮತ್ತೆ ಶುರು. ಹಾಳಾಗಿ ಹೋಗಲಿ ಎಂದು ಲ್ಯಾಪ್‌ಟಾಪ್ ತೆರೆದು ಮೇಲ್‌ಗೆ ಲಾಗಿನ್ ಆಗಲು ಹೋದೆ. ‘ನಿಮ್ಮ ಫೋನಿಗೆ ಬಂದ ಸೂಚನೆಯಲ್ಲಿ ಹೌದು ಎಂದು ಒತ್ತಿ’ ಎಂದಿತು. ಸೂಚನೆ ಬಂತು, ಕಣ್ಣೆದುರೇ ಇತ್ತು. ಒತ್ತುವುದಕ್ಕೇ ಆಗುವುದಿಲ್ಲವಲ್ಲ! ನಾನು ನಾನೇ ಎಂದು ಹೇಳುವ ಅಧಿಕಾರ ಒಂದು ಗಾಜಿನ ಹಾಳೆಗೆ ಹೋಗಿಬಿಟ್ಟಿತ್ತು.

ಕೊನೆಗೆ ಯಾರೋ ಹೇಳಿದ ಉಪಾಯ ನೆನಪಾಗಿ, ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಒಟಿಜಿ ಅಡಾಪ್ಟರ್ ಹಾಕಿ ಹಳೆಯ ಮೌಸ್ ಒಂದನ್ನು ಫೋನಿಗೆ ಸಿಕ್ಕಿಸಿದೆ. ಪರದೆಯ ಮೇಲೆ ಪುಟ್ಟ ಬಾಣ ಮೂಡಿತು. ಕ್ಲಿಕ್ ಮಾಡಿದೆ, ಅಲಾರಂ ನಿಂತಿತು. ಇದು ಕಂಪ್ಯೂಟರೇ ಅಲ್ವಾ ಅನ್ನಿಸಿದ್ದು ಆಗಲೇ.

ಈ ಯೋಚನೆ ಹೊಸದೇನಲ್ಲ. 2011ರಲ್ಲಿ ಮೊಟೊರೊಲಾ ಏಟ್ರಿಕ್ಸ್ ಎಂಬ ಫೋನ್ ಬಂತು. ಲ್ಯಾಪ್‌ಟಾಪ್‌ನಂತೆ ಕಾಣುವ ಒಂದು ಖಾಲಿ ಚಿಪ್ಪಿಗೆ ಅದನ್ನು ಸಿಕ್ಕಿಸಿ ಕೆಲಸ ಮಾಡಬಹುದಿತ್ತು. 2017ರಲ್ಲಿ ಫೋನನ್ನು ಮಾನಿಟರ್‌ಗೆ ಜೋಡಿಸಿ ಕಂಪ್ಯೂಟರ್‌ನಂತೆ ಬಳಸುವ ಸ್ಯಾಮ್‌ಸಂಗ್ ಡೆಕ್ಸ್ ಬಂತು. ಏಟ್ರಿಕ್ಸ್ ಕಾಲದಲ್ಲಿ ಚಿಪ್‌ಗೆ ಅಷ್ಟು ಶಕ್ತಿ ಇರಲಿಲ್ಲ. ಈಗ ಆ ಕೊರತೆ ಇಲ್ಲ. ಆಪಲ್ 2020ರಲ್ಲಿ ಮ್ಯಾಕ್‌ಗೆ ಹಾಕಿದ ಎಂ1 ಚಿಪ್ ಐಫೋನ್ ಚಿಪ್‌ನ ವಂಶದ್ದೇ. ಉಳಿದಿರುವ ತೊಡಕು ಎರಡು. ಸಾಮಾನ್ಯವಾಗಿ ಫೋನಿನಲ್ಲಿ ಫ್ಯಾನ್ ಇರುವುದಿಲ್ಲ, ತುಂಬಾ ಹೊತ್ತು ಭಾರದ ಕೆಲಸ ಕೊಟ್ಟರೆ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಇನ್ನೊಂದು ವ್ಯಾಪಾರದ ತೊಡಕು. ಫೋನನ್ನೂ ಲ್ಯಾಪ್‌ಟಾಪನ್ನೂ ಮಾರುವವರಿಗೆ ‘ಒಂದೇ ಸಾಕು’ ಎಂದು ಹೇಳುವ ಅವಸರ ಯಾಕಿರುತ್ತದೆ ಹೇಳಿ.

ಇನ್ನು ಫೋನನ್ನೇ ತೆಗೆದುಹಾಕುತ್ತೇವೆ ಎಂದು ಬಂದವರ ಕಥೆ. ಹ್ಯೂಮೇನ್ ಎಐ ಪಿನ್ ನೆನಪಿದೆಯಾ? ಅಂಗಿಗೆ ಸಿಕ್ಕಿಸಿಕೊಂಡು ಮಾತಾಡಿದರೆ ಉತ್ತರ ಕೊಡುತ್ತಿತ್ತು, ಅಕ್ಷರ ಬೇಕಾದರೆ ಅಂಗೈ ಮೇಲೆ ಲೇಸರ್ ಬೆಳಕಿನಲ್ಲಿ ತೋರಿಸುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಜನರ ಕೈಗೆ ಬಂತು, 2025ರ ಫೆಬ್ರವರಿಯಲ್ಲಿ ಸೇವೆಯೇ ನಿಂತಿತು. ಅದು ನಿಧಾನವಾಗಿತ್ತು, ಬಿಸಿಯಾಗುತ್ತಿತ್ತು, ಅದೆಲ್ಲ ಸರಿ. ಆದರೆ ಅದು ಚೆನ್ನಾಗಿ ಕೆಲಸ ಮಾಡಿದ್ದರೂ ಸೋಲುತ್ತಿತ್ತು ಅನ್ನುವುದು ನನ್ನ ಅನಿಸಿಕೆ. ಹತ್ತು ಫೋಟೊದಲ್ಲಿ ಯಾವುದು ಚೆನ್ನಾಗಿದೆ ಎಂದು ಬರೀ ಮಾತಿನಲ್ಲಿ ಕೇಳಿಕೊಂಡು ಆರಿಸಿ ನೋಡೋಣ! ಕಣ್ಣಿಗೆ ಅದು ಎರಡು ಸೆಕೆಂಡಿನ ಕೆಲಸ. ಕನ್ನಡಕಗಳಿಗೆ ಸ್ವಲ್ಪ ಭವಿಷ್ಯ ಇದೆ, ಆದರೆ ಹಗುರವಾದವು ಫೋನನ್ನು ನೆಚ್ಚಿಕೊಂಡೇ ನಡೆಯುತ್ತವೆ. ತಲೆಗೆ ಹಾಕಿಕೊಳ್ಳುವ ಆಪಲ್ ವಿಷನ್ ಪ್ರೊ ಅಂಥ ಭಾರದ ಸಾಧನಕ್ಕೂ ಬ್ಯಾಟರಿಯನ್ನು ವೈರ್ ಹಾಕಿ ಜೇಬಿನಲ್ಲೇ ಇಟ್ಟುಕೊಳ್ಳಬೇಕು.

ಫೋನ್ ನುಂಗಬೇಕಾದ್ದನ್ನೆಲ್ಲ ಹೆಚ್ಚುಕಡಿಮೆ ನುಂಗಿಯಾಗಿದೆ. 2010ರಲ್ಲಿ ಜಗತ್ತಿನಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಮಾರುಕಟ್ಟೆಗೆ ಹೋಗಿದ್ದವು, 2023ರಲ್ಲಿ 80 ಲಕ್ಷವೂ ಇಲ್ಲ. ಈಗಲೂ ಕ್ಯಾಮೆರಾ ಕೊಳ್ಳುವವರು ಹೆಚ್ಚಾಗಿ ದೂರದ ಹಕ್ಕಿಯ ಫೋಟೊ ತೆಗೆಯುವಂಥವರು. ದೊಡ್ಡ ಸೆನ್ಸರ್, ದೊಡ್ಡ ಲೆನ್ಸ್ ತೆಳ್ಳಗಿನ ಫೋನಿನೊಳಗೆ ಕೂರುವುದಿಲ್ಲ.

ಹಾಗಾಗಿ ಮುಂದೆ ‘ಇದರಲ್ಲಿ ಇನ್ನೇನು ಮಾಡಬಹುದು’ ಎನ್ನುವುದಕ್ಕಿಂತ ‘ಇದು ಕೆಟ್ಟರೆ ನನಗೇನು ಉಳಿಯುತ್ತದೆ’ ಎನ್ನುವುದೇ ದೊಡ್ಡ ಪ್ರಶ್ನೆ. ಲಾಗಿನ್, ಹಣ, ಟಿಕೆಟ್, ಕಾರಿನ ಕೀ ಎಲ್ಲ ಒಂದೇ ಬ್ಯಾಟರಿ ಮೇಲೆ ನಿಂತಿವೆ. ನೀವು ಇವತ್ತೇ ಮಾಡಬಹುದಾದ ಒಂದು ಕೆಲಸ ಇದೆ: ಫೋನ್ ಇಲ್ಲದೆಯೂ ಲಾಗಿನ್ ಆಗಲು ಮುಖ್ಯ ಖಾತೆಗಳು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ನಾನು ಬರೆದಿಟ್ಟಿದ್ದೇನೆ. ಆ ಮೌಸ್ ಇನ್ನೂ ಮೇಜಿನ ಮೇಲಿದೆ, ಪಕ್ಕದಲ್ಲಿ ಸೆಲ್ ಹಾಕುವ ಒಂದು ಅಲಾರಂ ಗಡಿಯಾರ.