ಮಕ್ಕಳ ಬಗ್ಗೆ ಮೂರು ನೋಟ್‌ಬುಕ್ ತುಂಬ ಬರೆದಿಟ್ಟಿದ್ದೇನೆ, ಪುಸ್ತಕ ಮಾಡುವುದು ಹೇಗೆ?

ಆರು ವರ್ಷದ್ದೊಂದು, ಎರಡು ವರ್ಷದ್ದೊಂದು ಮಗು, ಮೂರು ನೋಟ್‌ಬುಕ್ ಟಿಪ್ಪಣಿ. ಇದು ಪುಸ್ತಕವಾದೀತೇ, ಆಗುವುದಾದರೆ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಇಂಥ ಹಸ್ತಪ್ರತಿಗಳನ್ನು ಓದಿ ತಿದ್ದುವುದು ನನ್ನ ಕೆಲಸ. ಆಗುತ್ತದೆ, ಆದರೆ ನೋಟ್‌ಬುಕ್ಕನ್ನು ಹಾಗೇ ಟೈಪ್ ಮಾಡಿದರೆ ಆಗುವುದಿಲ್ಲ.

ಇಂಥ ಪುಸ್ತಕದಲ್ಲಿ ಮುಖ್ಯ ಪಾತ್ರ ತಾಯಿಯೇ. ಮಗು ಏನು ಮಾಡಿತು ಎಂಬುದು ಅಜ್ಜಿ-ತಾತನಿಗೆ ಸಾಕು. ನಿಮ್ಮ ಗುರುತೇ ಇಲ್ಲದ ಓದುಗರು ಆ ಹೊತ್ತಿನಲ್ಲಿ ನಿಮಗೇನಾಯಿತು ಎಂದು ಹುಡುಕುತ್ತಾರೆ. ಮುಂದೆ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬ ತಕರಾರು ಬಂದಾಗಲೆಲ್ಲ ಇದೇ ಅಳತೆಗೋಲು: ಈ ಘಟನೆಯಲ್ಲಿ ನಿಮ್ಮ ಪಾಲು ಏನೂ ಇಲ್ಲದಿದ್ದರೆ ಅದು ಮಗುವಿನದ್ದು, ಪುಸ್ತಕದ್ದಲ್ಲ.

ಈಗ ನೋಟ್‌ಬುಕ್. ಪ್ರತಿ ಟಿಪ್ಪಣಿಗೂ ತಾರೀಕು ಮತ್ತು ಮಗುವಿನ ವಯಸ್ಸು (ವರ್ಷ, ತಿಂಗಳು ಎರಡೂ) ಇರಲಿ. ಹಳೆಯ ಟಿಪ್ಪಣಿಗೆ ತಾರೀಕಿಲ್ಲದಿದ್ದರೆ ಫೋನಿನಲ್ಲಿರುವ ಫೋಟೊಗಳ ತಾರೀಕು ನೋಡಿ ಹೊಂದಿಸಬಹುದು. 2 ವರ್ಷ 1 ತಿಂಗಳಿಗೂ 2 ವರ್ಷ 10 ತಿಂಗಳಿಗೂ ಮಾತಿನಲ್ಲಿ ಅಜಗಜಾಂತರ. ಎರಡು ವರ್ಷದ ಮಗುವಿನ ಬಾಯಲ್ಲಿ ನಾಲ್ಕು ವರ್ಷದ ವಾಕ್ಯ ಬಂದರೆ ಮಕ್ಕಳನ್ನು ಸಾಕಿದವರು ಆ ಪುಟದಲ್ಲೇ ಪುಸ್ತಕ ಮಡಚಿಡುತ್ತಾರೆ. ಮಗು ಆಡಿದ ಮಾತನ್ನು ಅದೇ ದಿನ, ಆಡಿದ ಹಾಗೇ ಬರೆದುಕೊಳ್ಳಿ. "ತಿಂದೆ" ಎನ್ನುವ ಬದಲು "ತಿನ್ನಿದೆ" ಎಂದಿದ್ದರೆ ಅದನ್ನು ತಿದ್ದಬೇಡಿ. ಮಗು ವ್ಯಾಕರಣದ ನಿಯಮವೊಂದನ್ನು ತಾನೇ ಕಂಡುಹಿಡಿದು ಅತಿಯಾಗಿ ಅನ್ವಯಿಸುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಪುಸ್ತಕದಲ್ಲಿ ಅಂಥ ತೊದಲು ಪುಟಕ್ಕೆ ಒಂದಿದ್ದರೆ ಸಾಕು. ಸಾಲು ಸಾಲಿಗೂ ಬಂದರೆ ಓದುವವರಿಗೆ ಹಲ್ಲು ನೋವು.

ಕೈ ಬಿಡುವಿಲ್ಲದಾಗ ಫೋನಿಗೆ ಒಂದೂವರೆ ನಿಮಿಷ ಮಾತಾಡಿಟ್ಟರೂ ಆಗುತ್ತದೆ. ಆದರೆ ಮಾತನ್ನು ತಾನೇ ಅಕ್ಷರಕ್ಕಿಳಿಸುವ ಸೌಲಭ್ಯ ಬಳಸಿದರೆ ಅದೇ ದಿನ ಒಮ್ಮೆ ಓದಿ ಸರಿಪಡಿಸಿ. ಪೂರ್ಣವಿರಾಮವಿಲ್ಲದ, ಮಗುವಿನ ಮಾತು ನಿಮ್ಮ ಮಾತು ಕಲಸಿಹೋದ ಆ ಸಾಲುಗಳು ವಾರ ಕಳೆದರೆ ನಿಮಗೇ ಅರ್ಥವಾಗುವುದಿಲ್ಲ. ಮೂರು ನೋಟ್‌ಬುಕ್ಕನ್ನೂ ಇವತ್ತೇ ಪುಟ ಪುಟವಾಗಿ ಫೋಟೊ ತೆಗೆದು ಎರಡು ಕಡೆ ಇಡಿ. ಎರಡು ವರ್ಷದವರ ಕೈಗೆ ಬಣ್ಣದ ಪೆನ್ಸಿಲ್ ಸಿಕ್ಕುವುದಕ್ಕೆ ಎಷ್ಟು ಹೊತ್ತು!

ಮುಂದಿನದು ವಿಂಗಡಣೆ. ಒಂದೊಂದು ಟಿಪ್ಪಣಿಗೆ ಒಂದೊಂದು ಚೀಟಿ, ಚೀಟಿಯ ಮೇಲೆ ಒಂದೇ ಸಾಲು. ಎಲ್ಲವನ್ನೂ ನೆಲದ ಮೇಲೆ ಹರಡಿ ಗುಂಪು ಮಾಡಿ. ವಯಸ್ಸಿನ ಪ್ರಕಾರ ಜೋಡಿಸುವ ಚಪಲ ಬರುತ್ತದೆ, ತಡೆದುಕೊಳ್ಳಿ. ಗರ್ಭ, ಹೆರಿಗೆ, ಮೊದಲ ಹಲ್ಲು, ಮೊದಲ ಹೆಜ್ಜೆ ಎಂದು ಹೊರಟ ಹಸ್ತಪ್ರತಿಗಳು ಮೂವತ್ತು ಪುಟ ಆಸ್ಪತ್ರೆಯಲ್ಲೇ ಮಲಗಿರುತ್ತವೆ. ಬದಲಿಗೆ ನಿದ್ದೆ, ದುಡ್ಡು, ಸಿಟ್ಟು, ಕೆಲಸಕ್ಕೆ ಮರಳಿದ್ದು, ಅಣ್ಣ-ತಂಗಿ ಜಗಳ, ನಿಮ್ಮ ಅಮ್ಮನನ್ನು ನೀವು ಹೊಸದಾಗಿ ಕಂಡದ್ದು ಎಂಬಂಥ ವಿಷಯಗಳ ಮೇಲೆ ಗುಂಪು ಮಾಡಿ. ಆರಕ್ಕಿಂತ ಹೆಚ್ಚು ಚೀಟಿ ಬಿದ್ದ ಗುಂಪು ಒಂದು ಅಧ್ಯಾಯ. ಯಾವುದಾದರೂ ಒಂದೇ ಗುಂಪಿಗೆ ಮೂವತ್ತು ಚೀಟಿ ಬಿದ್ದರೆ, ಉಳಿದದ್ದನ್ನು ಪಕ್ಕಕ್ಕಿಟ್ಟು ಅದೇ ಪುಸ್ತಕವೇ ಎಂದು ಯೋಚಿಸಿ. ನನ್ನ ಮಟ್ಟಿಗೆ "ಎಲ್ಲದರ ಬಗ್ಗೆ" ಬರೆದ ಪುಸ್ತಕಕ್ಕಿಂತ ನಿದ್ದೆಗೆಟ್ಟ ಎರಡು ವರ್ಷಗಳ ಮೇಲಷ್ಟೇ ಬರೆದ ಪುಸ್ತಕ ಮೇಲು.

ಟಿಪ್ಪಣಿ ಪ್ರಸಂಗವಾಗುವುದು ಹೇಗೆ ಎಂಬುದೇ ಕಷ್ಟದ ಭಾಗ. "ಮಗಳು ಬೆಳಿಗ್ಗೆ ಹಠ ಮಾಡಿದಳು, ನನಗೆ ತುಂಬಾ ಸಿಟ್ಟು ಬಂತು, ಆಮೇಲೆ ಬೇಜಾರಾಯಿತು" ಎಂಬುದರಲ್ಲಿ ಮೂರು ತೀರ್ಪುಗಳಿವೆ, ಕಣ್ಣಿಗೆ ಕಾಣುವುದು ಒಂದೂ ಇಲ್ಲ. ಇದನ್ನೇ ಹೀಗೆ ಬರೆದು ನೋಡಿ: "ಎಂಟು ಹತ್ತು. ಅವಳು ಬಾಗಿಲಲ್ಲಿ ಕೂತು ಎಡಗಾಲಿನ ಶೂವನ್ನು ಬಲಗಾಲಿಗೆ ತುರುಕುತ್ತಿದ್ದಳು. ನಾನು ಕೈ ಹಾಕಿದೆ. 'ನಾನೇ' ಎಂದಳು. ಎಂಟು ಹದಿನಾಲ್ಕು. ಶೂ ಕಿತ್ತು ಬ್ಯಾಗಿಗೆ ಹಾಕಿ ಅವಳನ್ನು ಎತ್ತಿಕೊಂಡು ಓಡಿದೆ. ಮೆಟ್ಟಿಲ ಮೇಲೆ ಅವಳ ಬರಿಗಾಲು ನನ್ನ ಹೊಟ್ಟೆಗೆ ಬಡಿಯುತ್ತಿತ್ತು, ತಣ್ಣಗಿತ್ತು." ಸಿಟ್ಟು, ಬೇಜಾರು ಎಂಬ ಪದ ಎಲ್ಲೂ ಬಂದಿಲ್ಲ. ಗಡಿಯಾರ, ಶೂ, ತಣ್ಣಗಿನ ಕಾಲು ಆ ಕೆಲಸ ಮಾಡಿವೆ. ಇದಾದ ಮೇಲೆ "ತಾಯ್ತನ ಎಂದರೆ ಹೀಗೆಯೇ ಅಲ್ಲವೇ" ಎಂದು ಒಂದು ಸಾಲು ಬರೆಯಲು ಕೈ ತುರಿಸುತ್ತದೆ. ಬರೆದರೆ ಹೊಡೆದುಹಾಕಿ.

ಜಗಳದ ದಿನ ಟಿಪ್ಪಣಿ ಬರೆಯಿರಿ, ಅಧ್ಯಾಯ ಬರೆಯಬೇಡಿ. ಅದಕ್ಕೆ ಮೂರು ತಿಂಗಳಾದರೂ ಬಿಡುವು ಬೇಕು. ಬಿಸಿಯಲ್ಲಿ ಬರೆದದ್ದರಲ್ಲಿ ಗಂಡನೋ ಅತ್ತೆಯೋ ತಪ್ಪಿತಸ್ಥರಾಗಿಯೇ ಇರುತ್ತಾರೆ, ನೀವು ಮಾತ್ರ ಪುಟದುದ್ದಕ್ಕೂ ಸರಿ. ಓದುಗರು ಇದನ್ನು ಬೇಗ ಹಿಡಿಯುತ್ತಾರೆ. ಮನೆಯವರಿಗೆ ಅವರು ಬರುವ ಪುಟಗಳನ್ನು ಅಚ್ಚಿಗೆ ಮುಂಚೆಯೇ ತೋರಿಸಿ, ಆದರೆ ಒಂದು ಕರಾರು ಮೊದಲೇ ಹೇಳಿ: ತಾರೀಕು, ಸ್ಥಳ, ಆಡಿದ ಮಾತು ತಪ್ಪಿದ್ದರೆ ತಿದ್ದುತ್ತೇನೆ, ನನಗೆ ಹೇಗನ್ನಿಸಿತು ಎಂಬುದನ್ನು ತಿದ್ದುವುದಿಲ್ಲ.

ಮಕ್ಕಳ ವಿಷಯ ಇದಕ್ಕಿಂತ ಸೂಕ್ಷ್ಮ. ಹೆಸರು ಬದಲಿಸಿದರೆ ಸಾಕು ಎಂದುಕೊಳ್ಳುವವರೇ ಹೆಚ್ಚು. ಸಾಲದು, ಏಕೆಂದರೆ ಮುಖಪುಟದ ಮೇಲೆ ನಿಮ್ಮ ಹೆಸರಿರುತ್ತದೆ. ನಿಮ್ಮ ಮಕ್ಕಳು ಯಾರೆಂದು ಅವರ ತರಗತಿಗೆಲ್ಲ ಗೊತ್ತು. ಇಂಗ್ಲಿಷ್ ಲೇಖಕ ಎ. ಎ. ಮಿಲ್ನ್ 1920ರ ದಶಕದಲ್ಲಿ ತಾನು ಮಕ್ಕಳಿಗಾಗಿ ಬರೆದ ಪುಸ್ತಕಗಳ ಪಾತ್ರಕ್ಕೆ ಮಗ ಕ್ರಿಸ್ಟಫರ್ ರಾಬಿನ್‌ನ ಹೆಸರನ್ನೇ ಇಟ್ಟ. ಬೋರ್ಡಿಂಗ್ ಶಾಲೆಯಲ್ಲಿ ಹುಡುಗರು ಅವನನ್ನು ಅದಕ್ಕಾಗಿಯೇ ಗೇಲಿ ಮಾಡಿದರು. ಆ ಕಹಿಯನ್ನು ಅವನು 1974ರಲ್ಲಿ ತನ್ನ ಆತ್ಮಕಥನದಲ್ಲಿ ಬರೆದುಕೊಂಡ. ಅವು ಪ್ರೀತಿಯಿಂದ ಬರೆದ ಪುಸ್ತಕಗಳೇ. ಹಾಗಾಗಿ ಪ್ರತಿ ಪುಟಕ್ಕೂ ಹೀಗೆ ಕೇಳಿಕೊಳ್ಳಿ: ಮಗುವಿಗೆ ಹದಿನಾಲ್ಕು ವರ್ಷವಾದಾಗ ಯಾರೋ ಈ ಪುಟವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರೆ? ಹಾಸಿಗೆ ಒದ್ದೆ ಮಾಡಿದ್ದು, ಮೈಯ ವಿಚಾರ, ಕಾಯಿಲೆಯ ಹೆಸರು, ಅಂಕಗಳು, ಕದ್ದು ಸಿಕ್ಕಿಬಿದ್ದದ್ದು, ಇವು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಆರು ವರ್ಷದವರನ್ನು ಕೇಳಿದರೆ "ಹೂಂ, ಬರಿ" ಎನ್ನುತ್ತಾರೆ. ಪುಸ್ತಕ ಎಂದರೆ ಏನೆಂದು ಅವರಿಗೆ ತಿಳಿಯದು, ಅದು ಒಪ್ಪಿಗೆಯಲ್ಲ. ಹತ್ತು ದಾಟಿದವರಿಗೆ ಪುಟವನ್ನೇ ಓದಿಸಿ. ಬೇಡ ಎಂದರೆ ಬೇಡ. ಬಿಡಲೇಬಾರದ ವಸ್ತು ಎನ್ನಿಸಿದರೆ ಕಥೆಯನ್ನೋ ಕಾದಂಬರಿಯನ್ನೋ ಬರೆಯಿರಿ, ಆದರೆ ಮಗುವಿನ ಲಿಂಗ, ವಯಸ್ಸು, ಘಟನೆಯ ಜಾಗ ಮೂರನ್ನೂ ಬದಲಿಸಿ.

ಬುದ್ಧಿವಾದದ ಅಧ್ಯಾಯ ಬೇಕೇ ಎಂದೂ ಕೇಳಿದ್ದೀರಿ. ನನ್ನ ಸಲಹೆ: ಬೇಡ. ಸಲಹೆ ಬೇಗ ಹಳಸುತ್ತದೆ. ಅಮೆರಿಕದ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ 1946ರಲ್ಲಿ ಮೊದಲು ಪ್ರಕಟಿಸಿದ, ಲಕ್ಷಾಂತರ ತಾಯಂದಿರು ನಂಬಿದ ಪುಸ್ತಕವೇ 1950ರ ದಶಕದ ಆವೃತ್ತಿಯಲ್ಲಿ ಕೂಸನ್ನು ಬೋರಲು ಮಲಗಿಸಿ ಎಂದಿತ್ತು. ಬೋರಲು ಮಲಗಿಸಿದರೆ ನಿದ್ದೆಯಲ್ಲಿ ಹಠಾತ್ ಸಾವಿನ ಅಪಾಯ ಹೆಚ್ಚು ಎಂದು ಆಮೇಲೆ ತಿಳಿಯಿತು. 1990ರ ದಶಕದಲ್ಲಿ ಹಲವು ದೇಶಗಳು ಅಂಗಾತ ಮಲಗಿಸಿ ಎಂದು ಪ್ರಚಾರ ಮಾಡಬೇಕಾಯಿತು. ವೈದ್ಯರಿಗೇ ಹೀಗಾದರೆ ಉಳಿದವರ ಪಾಡೇನು? ಔಷಧಿ, ಆಹಾರದ ಪ್ರಮಾಣ, ಮನೆಮದ್ದು ಯಾವುದನ್ನೂ "ಹೀಗೆ ಮಾಡಿ" ಎಂದು ಬರೆಯಬೇಡಿ. "ನಾನು ಹೀಗೆ ಮಾಡಿದೆ" ಎಂದರೂ ಓದುಗರು ಮಾಡಿ ನೋಡುತ್ತಾರೆ ಎಂಬುದು ನೆನಪಿರಲಿ.

ಅಳತೆಯ ಲೆಕ್ಕ ಸುಲಭ. ಡೆಮಿ ಅಳತೆಯ (ಸುಮಾರು 5.5 × 8.5 ಇಂಚು) ಕನ್ನಡ ಪುಸ್ತಕದ ಒಂದು ಪುಟಕ್ಕೆ ಸುಮಾರು 200ರಿಂದ 230 ಪದ ಹಿಡಿಯುತ್ತದೆ. ಮುದ್ರಣದ ಒಂದು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚಿದ ಪುಟಗಳ ಕಟ್ಟು) ಎಂದರೆ 16 ಪುಟ. ಹತ್ತು ಫಾರಮ್ಮಿನ 160 ಪುಟಕ್ಕೆ 32,000 ಪದ ಸಾಕು. 1,300 ಪದದ ಇಪ್ಪತ್ತೈದು ಬರಹ ಎಂದುಕೊಳ್ಳಿ. ದಿನಕ್ಕೆ 25 ನಿಮಿಷ, 250 ಪದ, ವಾರಕ್ಕೆ ನಾಲ್ಕು ದಿನ. ವಾರಕ್ಕೆ ಸಾವಿರ ಪದವಾದರೆ 32 ವಾರದಲ್ಲಿ ಮೊದಲ ಕರಡು ಮುಗಿಯುತ್ತದೆ, ತಿದ್ದುವುದಕ್ಕೆ ಅಷ್ಟೇ ಕಾಲ. ಮಗುವಿಗೆ ಜ್ವರ ಬಂದ ವಾರಗಳು ಈ ಲೆಕ್ಕದಲ್ಲಿಲ್ಲ, ಆದ್ದರಿಂದ ಒಂದೂವರೆ ವರ್ಷ ಎನ್ನಿ. ಏಳುವಾಗ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಏಳಿ. ಮರುದಿನ ಖಾಲಿ ಪುಟ ನೋಡುತ್ತ ಹತ್ತು ನಿಮಿಷ ಹೋಗುವುದು ತಪ್ಪುತ್ತದೆ.

ಅಂಕಣವಾಗಿಯೋ ಬಿಡಿ ಲೇಖನವಾಗಿಯೋ ಮೊದಲೇ ಪ್ರಕಟವಾದದ್ದು ಇದ್ದರೆ ಪ್ರತಿಯೊಂದರ ಮೊದಲ ಪ್ಯಾರಾ ಕತ್ತರಿಸಿ. ಅದರಲ್ಲಿ "ನನ್ನ ದೊಡ್ಡ ಮಗ ಆರು ವರ್ಷದವನು" ಎಂಬ ಪರಿಚಯ ಇದ್ದೇ ಇರುತ್ತದೆ, ಪುಸ್ತಕದಲ್ಲಿ ಅದು ಇಪ್ಪತ್ತೈದು ಸಲ ಬರುತ್ತದೆ. ಪ್ರಕಾಶಕರಿಗೆ ಒಂದು ಪುಟದ ಸಾರಾಂಶ, ಪರಿವಿಡಿ, ಮೂರು ಒಳ್ಳೆಯ ಅಧ್ಯಾಯ ಕಳಿಸಿದರೆ ಸಾಕು. ಒಪ್ಪಂದದಲ್ಲಿ ಕೃತಿಸ್ವಾಮ್ಯ ನಿಮ್ಮ ಹೆಸರಲ್ಲೇ ಇರಲಿ. ಅನುವಾದ, ಆಡಿಯೊ, ಇ-ಪುಸ್ತಕದ ಹಕ್ಕು, ಪ್ರತಿಗಳ ಸಂಖ್ಯೆ, ಅವಧಿ ಬೇರೆಬೇರೆಯಾಗಿ ನಮೂದಾಗಿರಲಿ. ಎರಡನೇ ಪುಸ್ತಕದ ಆಸೆ ಇದ್ದರೆ ಯಾವ ಘಟನೆ ಎಲ್ಲಿ ಬಳಸಿದ್ದೀರಿ ಎಂದು ಪಟ್ಟಿ ಇಡಿ, ಇಲ್ಲದಿದ್ದರೆ ಆ ಶೂ ಮತ್ತೆ ಬರುತ್ತದೆ.

ಕೊನೆಯ ಕರಡಚ್ಚು ಬಂದಾಗ ಕಾಗುಣಿತದ ಜೊತೆಗೆ ಚಿತ್ರಗಳನ್ನೂ ಭೂತಗನ್ನಡಿ ಹಿಡಿದು ನೋಡಿ. ಸಮವಸ್ತ್ರದ ಬ್ಯಾಡ್ಜ್, ಹಿಂದಿನ ಗೋಡೆಯ ಮನೆ ನಂಬರು, ಸ್ಕೂಟರಿನ ನಂಬರ್ ಪ್ಲೇಟು ಕಾಣುತ್ತಿದ್ದರೆ ಆ ಚಿತ್ರ ತೆಗೆದು ಬೇರೆ ಹಾಕಿ.