ನರ್ಸರಿ ಗುಲಾಬಿ ಮನೆಗೆ ಬಂದ ಮೇಲೆ ಸೊರಗುವುದೇಕೆ?

ಪ್ರಶ್ನೆ: ಮೊಗ್ಗು ತುಂಬಿದ ಗುಲಾಬಿ ಗಿಡ ತಂದು ಅಂದೇ ದೊಡ್ಡ ಕುಂಡಕ್ಕೆ ಹಾಕಿದೆ. ಈಗ ಎಲೆ ಹಳದಿಯಾಗಿ ಉದುರುತ್ತಿದೆ, ಮೊಗ್ಗು ಒಣಗುತ್ತಿದೆ. ಏನು ಮಾಡಲಿ?
– ಓದುಗರು, ಚಿಕ್ಕಮಗಳೂರು

ಉತ್ತರ: ತಂದ ಗಿಡವನ್ನು ಒಂದು ವಾರ ಅದರ ಚೀಲದಲ್ಲೇ ಬೆಳಗಿನ ಎಳೆಬಿಸಿಲಿಗಿಟ್ಟು ಒಗ್ಗಿಸಬೇಕು. ಆದರೆ ನಿಜವಾದ ತೊಂದರೆ ಬಹುಶಃ ಬೇರಿನಲ್ಲಿದೆ. ಗಿಡ ಎತ್ತಿ ನೋಡಿ: ಬೇರಿನ ಸುತ್ತ ಅಂಟಾದ ಕೆಂಪು ಜೇಡಿಮಣ್ಣಿನ ಉಂಡೆ ಇದ್ದರೆ ಅದೇ ಕಾರಣ. ನಿಮ್ಮ ಕಡೆಯ ಮಳೆಗೆ ಅದು ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಒಣಗಿದರೆ ಕಲ್ಲಾಗಿ ನೀರೇ ಇಳಿಯದು. ಉಂಡೆಯನ್ನು ಒಡೆಯಬೇಡಿ, ಎಳೆಬೇರು ಹರಿಯುತ್ತದೆ. ಅರ್ಧ ಗಂಟೆ ನೀರಲ್ಲಿ ನೆನೆಸಿ ಹೊರಪದರವನ್ನಷ್ಟೇ ಬೆರಳಿನಿಂದ ಸವರಿ ತೆಗೆಯಿರಿ. ತಳದಲ್ಲಿ ತೂತಿರುವ 10 ಅಂಗುಲದ ಕುಂಡ ಸಾಕು: ಎರಡು ಪಾಲು ಕೆಂಪುಮಣ್ಣು, ಒಂದೊಂದು ಪಾಲು ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಕಸಿ ಗಂಟು (ಬುಡದ ಬಳಿ ಎರಡು ಗಿಡ ಬೆಸೆದ ಉಬ್ಬು) ಮಣ್ಣಿನ ಮೇಲಿರಲಿ. ಗಂಟಿನ ಕೆಳಗೆ ಬರುವ ಚಿಗುರು ನಿಮ್ಮ ಗುಲಾಬಿಯದಲ್ಲ, ಕಸಿಗೆ ಬೇರು ಕೊಟ್ಟ ಗಿಡದ್ದು, ಕಿತ್ತುಬಿಡಿ. ಎಷ್ಟೇ ಆಸೆಯಿದ್ದರೂ ಉಳಿದ ಮೊಗ್ಗುಗಳನ್ನು ಚಿವುಟಿ, ಗಿಡದ ಶಕ್ತಿ ಬೇರಿಗೆ ಹೋಗಲಿ. ಹೊಸ ಚಿಗುರು ಬರುವವರೆಗೆ ಬೇರೆ ಗೊಬ್ಬರ ಬೇಡ.

ಮಳೆಗಾಲದಲ್ಲಿ ಬೆಳಕಿರುವ ಸೂರಿನಡಿ ಇಟ್ಟು ಬುಡಕ್ಕಷ್ಟೇ ನೀರು ಹಾಕಿ. ಎಲೆ ನೆನೆದರೆ ಕಪ್ಪು ಚುಕ್ಕೆ ರೋಗ ಹರಡುತ್ತದೆ. ಮುಂದಿನ ಸಲ ಹೂವು ನೋಡಿ ಕೊಳ್ಳಬೇಡಿ, ಕೆಂಪು ಚಿಗುರಿರುವ ಎರಡು–ಮೂರು ಗಟ್ಟಿ ಕಾಂಡಗಳ ಗಿಡ ಆರಿಸಿ.